ಕೈಗುಣವಲ್ಲ, ಹವೆಯ ಗುಣ

ಬೇಸಿಗೆಯಲ್ಲಿ ಮಕ್ಕಳನ್ನು ಕಾಣಲೆಂದು ಅಮೆರಿಕೆಗೆ ಹೋಗಿ, ಆರು ತಿಂಗಳು ಅಲ್ಲಿದ್ದು ಹಿಂದಿರುಗುವ ತಂದೆತಾಯಿಗಳು ಇಂದು ಹೈದರಾಬಾದಿನ ಕನ್ನಡ ಕುಟುಂಬಗಳಲ್ಲಿ ಅಪರೂಪವಲ್ಲ. ನಾರಾಯಣಗೂಡ, ಬರ್ಕತ್‌ಪುರ, ಕಾಚಿಗೂಡ, ಹಿಮಾಯತ್‌ನಗರಗಳಲ್ಲಿ ಹಲವು ದಶಕಗಳಿಂದ ನೆಲೆಸಿರುವ ನಮ್ಮ ಎಷ್ಟೋ ಮನೆಗಳಿಗೆ ಈಗ ಒಂದು ಕಿಟಕಿ ಕೃಷ್ಣಾ-ಕಾವೇರಿಗಳ ಕಡೆಗೆ, ಇನ್ನೊಂದು ಕಿಟಕಿ ಸಾಗರದಾಚೆಗೆ ತೆರೆದಿದೆ. ಹಾಗೆ ಹೋಗಿಬಂದವರು ತರುವ ನೆನಪುಗಳಲ್ಲಿ ಅಲ್ಲಿಯ ಹೂದೋಟಗಳ ವರ್ಣನೆಗೆ ವಿಶೇಷ ಸ್ಥಾನವಿರುತ್ತದೆ. ಮೇ-ಜೂನ್ ತಿಂಗಳುಗಳಲ್ಲಿ ಆ ಮನೆಗಳ ಹಿತ್ತಿಲಲ್ಲಿ ತಲೆಬಾಗಿಸಿ ತೂಗುವ, ಹಿಂದಕ್ಕೆ ಐದು ಕೊಂಬುಗಳನ್ನು ಚಾಚಿದ ಕೊಲಂಬೈನ್ ಎಂಬ ಹೂವನ್ನು ಕಂಡವರು ಅದನ್ನು ಸುಲಭವಾಗಿ ಮರೆಯಲಾರರು.

ಮರೆಯಲಾರದ್ದನ್ನು ಮನೆಗೆ ತರಬೇಕೆಂಬ ಆಸೆ ಮನುಷ್ಯಸಹಜವಾದುದು. ಹೇಗೋ ಬೀಜ ದೊರಕಿಸಿ, ಮಾಳಿಗೆಯ ಮೇಲಿನ ಕುಂಡದಲ್ಲಿ ಬಿತ್ತಿ, ದಿನವೂ ಬೆಳಗ್ಗೆ ಇಣುಕಿ ನೋಡುವ ಕಾರ್ಯ ಆರಂಭವಾಗುತ್ತದೆ. ಅನೇಕ ಬೀಜಗಳು ಮೊಳೆಯುವುದೇ ಇಲ್ಲ. ಮೊಳೆತ ಒಂದೆರಡು ಸಸಿಗಳು ಡಿಸೆಂಬರಿನಲ್ಲಿ ಜರಿಗಿಡದಂಥ ಎಲೆ ಬಿಟ್ಟು ಆಸೆ ಹುಟ್ಟಿಸಿ, ಏಪ್ರಿಲ್ ಬರುವಷ್ಟರಲ್ಲಿ ಸುಟ್ಟಂತಾಗಿ ಮಲಗಿಬಿಡುತ್ತವೆ. ಆಗ ಮನೆಯ ಹಿರಿಯ ಹೆಂಗಸರು ಗಿಡವನ್ನು ದೂರುವುದಿಲ್ಲ, ಬೀಜವನ್ನು ದೂರುವುದಿಲ್ಲ. “ನನ್ನ ಕೈಗುಣವೇ ಸರಿಯಿಲ್ಲ” ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ. ವಯಸ್ಸಾದಂತೆ ಕೈಯಿಂದ ಒಂದೊಂದೇ ಕೆಲಸ ಜಾರುತ್ತಿರುವಾಗ ಇಂಥ ಒಂದು ಸಣ್ಣ ಸೋಲೂ ಮನಸ್ಸಿಗೆ ನಾಟುತ್ತದೆ.

ಆದರೆ ಈ ಸೋಲಿನಲ್ಲಿ ಕೈಯ ದೋಷ ಎಳ್ಳಷ್ಟೂ ಇಲ್ಲ. ಇದು ಹವೆಯ ಲೆಕ್ಕಾಚಾರ. ಆ ಲೆಕ್ಕವನ್ನು ತಿಳಿದುಕೊಂಡರೆ ವ್ಯಸನ ತಪ್ಪುವುದಲ್ಲದೆ, ಅದೇ ಕುಂಡದಲ್ಲಿ, ಅದೇ ಶ್ರಮದಿಂದ, ಕೊಂಬುಳ್ಳ ಮತ್ತೊಂದು ಸುಂದರವಾದ ಹೂವನ್ನು ಪಡೆಯುವ ದಾರಿಯೂ ತೆರೆಯುತ್ತದೆ.

ಪಾರಿವಾಳಗಳ ಹೂವು

ಕೊಲಂಬೈನಿನ ಸಸ್ಯಶಾಸ್ತ್ರೀಯ ಹೆಸರು ಆಕ್ವಿಲೀಜಿಯ. ಉತ್ತರ ಗೋಲಾರ್ಧದ ಸಮಶೀತೋಷ್ಣ ಪ್ರದೇಶಗಳಲ್ಲಿ, ಅಂದರೆ ಯೂರೋಪ್, ಏಷ್ಯಾ ಮತ್ತು ಉತ್ತರ ಅಮೆರಿಕಗಳ ತಂಪಾದ ಕಾಡು ಹಾಗೂ ಪರ್ವತಗಳಲ್ಲಿ, ಇದರ ಹಲವು ಹತ್ತು ಪ್ರಭೇದಗಳಿವೆ. ಲ್ಯಾಟಿನ್ ಭಾಷೆಯಲ್ಲಿ ‘ಕೊಲಂಬ’ ಎಂದರೆ ಪಾರಿವಾಳ. ಹೂವನ್ನು ತಲೆಕೆಳಗು ಮಾಡಿ ನೋಡಿದರೆ ಐದು ಪಾರಿವಾಳಗಳು ಕೊಕ್ಕು ಕೂಡಿಸಿ ಕುಳಿತಂತೆ ಕಾಣುವುದರಿಂದ ಈ ಹೆಸರು ಬಂದಿತು. ಆಕ್ವಿಲೀಜಿಯ ಎಂಬುದು ಹದ್ದಿನ ಹೆಸರಿನಿಂದ ಬಂದುದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಬಾಗಿದ ಕೊಂಬುಗಳು ಹದ್ದಿನ ಉಗುರಿನಂತೆ ಕಾಣುತ್ತವೆ. ಒಂದೇ ಹೂವಿನಲ್ಲಿ ಒಬ್ಬರಿಗೆ ಪಾರಿವಾಳ, ಮತ್ತೊಬ್ಬರಿಗೆ ಹದ್ದು ಕಂಡುದು ಸ್ವಾರಸ್ಯದ ಸಂಗತಿ.

ಹೂವಿನಲ್ಲಿ ಬಣ್ಣದ ಐದು ಹೊರದಳಗಳೂ ಐದು ಒಳದಳಗಳೂ ಇರುತ್ತವೆ. ಪ್ರತಿಯೊಂದು ಒಳದಳವೂ ಹಿಂದಕ್ಕೆ ಪೊಳ್ಳಾದ ಕೊಂಬಾಗಿ ಚಾಚಿಕೊಂಡು, ಅದರ ತುದಿಯಲ್ಲಿ ಮಕರಂದ ಶೇಖರವಾಗಿರುತ್ತದೆ. ಈ ಕೊಂಬಿನ ಉದ್ದ ಎಲ್ಲ ಪ್ರಭೇದಗಳಲ್ಲೂ ಒಂದೇ ಸಮನಾಗಿಲ್ಲ. ದುಂಬಿಗಳು ಬರುವ ಪ್ರಭೇದಗಳಲ್ಲಿ ಕೊಂಬು ಗಿಡ್ಡ. ಹಮ್ಮಿಂಗ್ ಹಕ್ಕಿಗಳು ಬರುವಲ್ಲಿ ಅದಕ್ಕಿಂತ ಉದ್ದ. ಉದ್ದನೆಯ ನಾಲಿಗೆಯುಳ್ಳ ರಾತ್ರಿಯ ಪತಂಗಗಳು ಬರುವಲ್ಲಿ ಎಲ್ಲಕ್ಕಿಂತ ಉದ್ದ. ಬಂದು ಹೋಗುವ ಅತಿಥಿ ಬದಲಾದಂತೆ ಕೊಂಬು ಹಂತಹಂತವಾಗಿ ನೀಳವಾಯಿತೆಂಬುದನ್ನು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಅತಿಥಿಗೆ ತಕ್ಕಂತೆ ಎಲೆ ಹಾಕುವ ನಮ್ಮ ಪದ್ಧತಿಯನ್ನು ಇದು ನೆನಪಿಗೆ ತರುತ್ತದೆ.

ಅಮೆರಿಕದ ಕೊಲರಾಡೋ ರಾಜ್ಯವು ನೀಲಿ ಮತ್ತು ಬಿಳಿಯ ಬಣ್ಣದ ರಾಕಿ ಪರ್ವತದ ಕೊಲಂಬೈನನ್ನು 1899ರಲ್ಲಿ ತನ್ನ ರಾಜ್ಯಪುಷ್ಪವನ್ನಾಗಿ ಅಂಗೀಕರಿಸಿತು. ಜನರು ಕಂಡಕಂಡಲ್ಲಿ ಕೀಳತೊಡಗಿದ ಕಾರಣ 1925ರಲ್ಲಿ ಅದರ ರಕ್ಷಣೆಗಾಗಿ ಕಾನೂನನ್ನೂ ಮಾಡಬೇಕಾಯಿತು. ನಮ್ಮ ದೇಶಕ್ಕೂ ಈ ಹೂವು ಪರಕೀಯವೇನಲ್ಲ. ಕಾಶ್ಮೀರ, ಹಿಮಾಚಲ ಪ್ರದೇಶ, ಉತ್ತರಾಖಂಡಗಳ ಎತ್ತರದ ಹುಲ್ಲುಗಾವಲುಗಳಲ್ಲಿ ಇದರ ಕೆಲವು ಪ್ರಭೇದಗಳು ತಾವಾಗಿ ಬೆಳೆಯುತ್ತವೆ. ಅವುಗಳಲ್ಲಿ ಒಂದು ಸುಗಂಧಕ್ಕೂ ಹೆಸರಾದುದು. ಆದರೆ ಅದರ ರಾಜ್ಯ ಅಲ್ಲಿಗೇ ಮುಗಿಯುತ್ತದೆ. ವಿಂಧ್ಯದ ಈಚೆಗೆ ಅದು ತಾನಾಗಿ ಇಳಿದುಬಂದಿಲ್ಲ.

ಚಳಿಯ ಠೇವಣಿ

ಇಳಿದುಬಾರದಿರಲು ಕಾರಣವೇನು? ಕೊಲಂಬೈನಿನ ಬೀಜದೊಳಗೆ ಒಂದು ಬೀಗವಿದೆಯೆಂದು ಭಾವಿಸಬಹುದು. ತೇವದೊಡನೆ ಕೆಲವು ವಾರಗಳ ಚಳಿಯನ್ನು ಅನುಭವಿಸದೆ ಅದು ಚೆನ್ನಾಗಿ ಮೊಳೆಯುವುದಿಲ್ಲ. ಮಂಜು ಬೀಳುವ ನಾಡಿನಲ್ಲಿ ಇದು ಬುದ್ಧಿವಂತಿಕೆಯ ಏರ್ಪಾಡು. ಶರತ್ಕಾಲದಲ್ಲಿ ಉದುರಿದ ಬೀಜ ಕೂಡಲೇ ಮೊಳೆತರೆ ಎಳೆಯ ಸಸಿ ಹಿಮದಲ್ಲಿ ಸಾಯುತ್ತದೆ. ಆದ್ದರಿಂದ ಚಳಿಗಾಲ ಕಳೆದುದು ಖಚಿತವಾದ ಮೇಲೆಯೇ ಬೀಗ ತೆರೆಯುತ್ತದೆ. ಒದ್ದೆ ಮರಳಿನಲ್ಲಿ ಬೀಜವನ್ನು ಬೆರೆಸಿ ಮೂರು-ನಾಲ್ಕು ವಾರ ರೆಫ್ರಿಜರೇಟರಿನಲ್ಲಿ ಇಟ್ಟರೆ ಈ ಮೊದಲ ಬೀಗವನ್ನು ಮನೆಯಲ್ಲಿಯೇ ತೆರೆಯಬಹುದು. ಬಿತ್ತುವಾಗ ಬೀಜದ ಮೇಲೆ ಮಣ್ಣು ಮುಚ್ಚಬಾರದು. ಅದಕ್ಕೆ ಬೆಳಕೂ ಬೇಕು.

ಆದರೆ ಎರಡನೆಯ ಬೀಗ ಇನ್ನೂ ಗಟ್ಟಿಯಾದುದು. ಬಹುಪಾಲು ಕೊಲಂಬೈನುಗಳು ಮೊದಲ ವರ್ಷ ಎಲೆಗಳನ್ನು ಮಾತ್ರ ಬಿಡುತ್ತವೆ. ಬೆಳೆದ ಗಿಡವು ಪುನಃ ಎಂಟು-ಹತ್ತು ವಾರಗಳ ನಿಜವಾದ ಚಳಿಯನ್ನು ಉಂಡ ಮೇಲೆಯೇ ಎರಡನೆಯ ವರ್ಷ ಮೊಗ್ಗು ಕಟ್ಟುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಚಳಿ ಇಲ್ಲಿ ಠೇವಣಿ, ಹೂವು ಅದರ ಬಡ್ಡಿ. ಠೇವಣಿಯೇ ಇಲ್ಲದ ಖಾತೆಗೆ ಬಡ್ಡಿ ಜಮೆಯಾಗುವುದು ಹೇಗೆ?

ಹೈದರಾಬಾದು ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್-ಜನವರಿಗಳ ರಾತ್ರಿಗಳು ಹಿತವಾಗಿರುತ್ತವೆಯೇ ಹೊರತು ವಾರಗಟ್ಟಲೆ ಹತ್ತು ಡಿಗ್ರಿಗಿಂತ ಕೆಳಗೆ ಉಳಿಯುವ ಚಳಿ ಇಲ್ಲಿಲ್ಲ. ಹಗಲಂತೂ ಬೆಚ್ಚಗೇ ಇರುತ್ತದೆ. ಇನ್ನು ಏಪ್ರಿಲ್-ಮೇ ತಿಂಗಳುಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿನ ವಿಷಯವನ್ನು ಹೇಳಬೇಕಾಗಿಯೇ ಇಲ್ಲ. ಕಾಂಕ್ರೀಟಿನ ತಾರಸಿಯ ಮೇಲೆ ಆ ತಾಪ ಕೆಳಗಿನಿಂದಲೂ ಏರುತ್ತದೆ. ಕೊಲಂಬೈನಿನ ಉದ್ದನೆಯ ತಾಯಿಬೇರು ತಂಪಾದ ಮಣ್ಣಿನ ಆಳವನ್ನು ಅರಸುತ್ತದೆ; ಕುಂಡದಲ್ಲಿ ಅದಕ್ಕೆ ಸಿಗುವುದು ಕಾದ ಗೋಡೆ ಮಾತ್ರ. ಹೀಗಿರುವಾಗ ಎಷ್ಟೇ ಪ್ರೀತಿಯಿಂದ ನೀರೆರೆದರೂ ಗಿಡ ಬಾಳಲಾರದು. ಬೇಡುವ ಚಳಿ ಕಡಿಮೆಯಿರುವ ಕೆಲವು ಸಂಕರ ತಳಿಗಳುಂಟು. ಅವನ್ನೂ ಇಲ್ಲಿ ಒಂದು ಚಳಿಗಾಲದ ಅತಿಥಿಯೆಂದು ಭಾವಿಸಬೇಕೇ ಹೊರತು ಮನೆಯ ಸದಸ್ಯರೆಂದಲ್ಲ.

ಚೀಲದೊಳಗಿನ ಬೀಜ

ಇಲ್ಲಿ ಮತ್ತೊಂದು ಎಚ್ಚರಿಕೆಯನ್ನೂ ಹೇಳುವುದು ಅವಶ್ಯ. ವಿದೇಶದಿಂದ ಬರುವಾಗ ಬೀಜದ ಪೊಟ್ಟಣವನ್ನು ಸೀರೆಗಳ ನಡುವೆ ಇಟ್ಟು ತರುವುದು ನಿರಪಾಯಕಾರಿಯೆಂದು ಅನೇಕರು ತಿಳಿದಿದ್ದಾರೆ. ಭಾರತದ 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಬಿತ್ತನೆಯ ಬೀಜಗಳನ್ನು ತರಲು ಆ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರವೂ ಇಲ್ಲಿಯ ಅನುಮತಿಯೂ ಬೇಕು. ಇದು ಬರಿಯ ಕಾಗದಪತ್ರದ ಕಾಟವಲ್ಲ. ಬೀಜದೊಡನೆ ಕಣ್ಣಿಗೆ ಕಾಣದ ಶಿಲೀಂಧ್ರ, ಕೀಟದ ಮೊಟ್ಟೆ, ಕಳೆಯ ಬೀಜಗಳು ಬರಬಹುದು. ಆಮದು ಮಾಡಿದ ಗೋಧಿಯೊಡನೆ ಬಂದಿತೆಂದು ಹೇಳಲಾಗುವ, 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ ಪಾರ್ಥೇನಿಯಂ, ಅಂದರೆ ನಮ್ಮ ಜನರ ಬಾಯಲ್ಲಿ ‘ಕಾಂಗ್ರೆಸ್ ಗಿಡ’, ದೇಶದ ಉದ್ದಗಲಕ್ಕೂ ಹಬ್ಬಿ ಎಷ್ಟು ಜನರಿಗೆ ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತಂದಿದೆಯೆಂಬುದನ್ನು ನೆನೆದರೆ ಈ ನಿಯಮದ ಬೆಲೆ ತಿಳಿಯುತ್ತದೆ. ಕೊಲಂಬೈನನ್ನು ನೋಡಬೇಕೆಂಬ ಆಸೆಯುಳ್ಳವರು ಬೇಸಿಗೆಯ ಕೊನೆಯಲ್ಲಿ ಹಿಮಾಲಯದ ಕಡೆಗೆ ಯಾತ್ರೆ ಹೋದಾಗ ಅದರ ಸ್ವಸ್ಥಾನದಲ್ಲಿಯೇ ನೋಡಿ ಕಣ್ತುಂಬಿಕೊಳ್ಳಬಹುದು.

ನಮ್ಮ ನಾಡಿನ ಕೊಂಬಿನ ಹೂವು

ಹಾಗಾದರೆ ನಾರಾಯಣಗೂಡದ ಕುಂಡಕ್ಕೆ ಯಾವ ಹೂವು? ಉತ್ತರ ನಮ್ಮ ಅಜ್ಜಿಯರ ಹಿತ್ತಿಲಲ್ಲಿಯೇ ಇದೆ. ಅದು ಕರ್ಣಕುಂಡಲ. ಕೆಲವು ಕಡೆ ಗೌರಿಹೂವೆಂದೂ ಕರೆಯುತ್ತಾರೆ. ಹೈದರಾಬಾದಿನ ಉರ್ದು ಬಲ್ಲವರು ಇದನ್ನು ಗುಲ್‌ಮೆಹಂದಿ ಎನ್ನುತ್ತಾರೆ. ಏಕೆಂದರೆ ಇದರ ದಳಗಳಲ್ಲಿ ಮೆಹಂದಿಯ ಬಣ್ಣಕ್ಕೆ ಹತ್ತಿರದ ವರ್ಣದ್ರವ್ಯಗಳಿದ್ದು, ಅರೆದು ಹಚ್ಚಿದರೆ ಉಗುರು ಕೆಂಪೇರುತ್ತದೆ. ಕೊರಿಯ ದೇಶದ ಹೆಣ್ಣುಮಕ್ಕಳೂ ಈ ಹೂವಿನಿಂದ ಉಗುರಿಗೆ ಬಣ್ಣ ಕಟ್ಟುವ ಸಂಪ್ರದಾಯವಿದೆ. ಮಹಾರಾಷ್ಟ್ರದಲ್ಲಿ ಇದರ ಹೆಸರು ತೇರಡಾ. ಕೊಂಕಣದ ಮನೆಗಳಲ್ಲಿ ಗೌರಿಯನ್ನು ಈ ಗಿಡದ ರೂಪದಲ್ಲಿಯೇ ತಂದು ಪೂಜಿಸುತ್ತಾರೆ.

ಕರ್ಣಕುಂಡಲವನ್ನು ಕೈಯಲ್ಲಿ ಹಿಡಿದು ಹಿಂಭಾಗವನ್ನು ನೋಡಿದರೆ ಆಶ್ಚರ್ಯ ಕಾದಿದೆ. ಅಲ್ಲಿಯೂ ತೆಳ್ಳಗಿನ, ಬಾಗಿದ, ಮಕರಂದ ತುಂಬಿದ ಒಂದು ಕೊಂಬಿದೆ. ಕೊಲಂಬೈನಿನಲ್ಲಿ ಒಳದಳಗಳು ಐದು ಕೊಂಬುಗಳಾಗಿದ್ದರೆ, ಇಲ್ಲಿ ಒಂದು ಹೊರದಳ ಮಾತ್ರ ಒಂದು ಕೊಂಬಾಗಿದೆ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಒಂದು ಹಿಮದ ನಾಡಿನಲ್ಲಿ, ಇನ್ನೊಂದು ಮಳೆಯ ನಾಡಿನಲ್ಲಿ ಬೆಳೆದುದು. ಅತಿಥಿಗೆ ಜೇನನ್ನು ಕೊಂಬಿನ ತಳದಲ್ಲಿಟ್ಟು ಬಡಿಸುವ ಯುಕ್ತಿಯನ್ನು ಮಾತ್ರ ಎರಡೂ ತಮ್ಮಷ್ಟಕ್ಕೆ ಕಂಡುಕೊಂಡಿವೆ. ಕರ್ಣಕುಂಡಲದ ಬಳಗ ಬಹಳ ದೊಡ್ಡದು. ಸಹ್ಯಾದ್ರಿಯ ಸಾಲುಗಳಲ್ಲಿಯೇ ಇದರ ಬಂಧುಗಳಾದ ನೂರಕ್ಕೂ ಹೆಚ್ಚು ಪ್ರಭೇದಗಳಿದ್ದು, ಅವುಗಳಲ್ಲಿ ಬಹುಪಾಲು ಪ್ರಪಂಚದ ಬೇರೆಲ್ಲಿಯೂ ಇಲ್ಲ. ಮಳೆಗಾಲದಲ್ಲಿ ಕೊಡಗು, ಆಗುಂಬೆ, ಚಾರ್ಮಾಡಿಗಳ ಘಟ್ಟದ ಬಂಡೆಗಳ ಮೇಲೆ ಜಿನುಗುವ ನೀರಿನ ಅಂಚಿನಲ್ಲಿ ನಗುವ ನೇರಳೆ-ಗುಲಾಬಿ ಬಣ್ಣದ ಪುಟ್ಟ ಹೂವುಗಳನ್ನು ಕಂಡವರು ಈ ಬಳಗವನ್ನು ಕಂಡಂತೆಯೇ ಸರಿ.

ಈ ಕುಲದ ಲ್ಯಾಟಿನ್ ಹೆಸರು ಇಂಪೇಷಿಯನ್ಸ್, ಅಂದರೆ ಸಹನೆಯಿಲ್ಲದ್ದು. ಬಲಿತ ಕಾಯನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಪಟ್ಟೆಂದು ಸಿಡಿದು ಸುರುಳಿ ಸುತ್ತಿಕೊಂಡು ಬೀಜಗಳನ್ನು ದೂರ ಎಸೆಯುತ್ತದೆ. ಚಿಕ್ಕಂದಿನಲ್ಲಿ ಈ ಆಟವಾಡದವರು ವಿರಳ. ಮಹಾನಗರದ ಮೊಮ್ಮಕ್ಕಳಿಗೆ ಈ ಆಟವನ್ನು ಕಲಿಸುವುದಕ್ಕೆ ಒಂದು ಕುಂಡ ಸಾಕು.

ಬೆಳೆಸುವ ಕ್ರಮ

ಕರ್ಣಕುಂಡಲ ಒಂದು ಋತುವಿನ ಗಿಡ. ಮೃಗಶಿರಾ ಮಳೆಯ ಹೊತ್ತಿಗೆ, ಅಂದರೆ ಜೂನ್ ಎರಡನೆಯ ವಾರದಲ್ಲಿ ಬಿತ್ತಿದರೆ, ಸುಮಾರು ಎರಡು ತಿಂಗಳು ಕಳೆದು ಭಾದ್ರಪದದ ಗೌರಿ-ಗಣೇಶ ಹಬ್ಬದ ಸುಮಾರಿಗೆ ಹೂವು ಕೈಗೆ ಬರುತ್ತದೆ. ಹತ್ತು-ಹನ್ನೆರಡು ಅಂಗುಲದ ಮಣ್ಣಿನ ಕುಂಡಕ್ಕೆ ಒಂದು ಗಿಡ ಸಾಕು. ತಳದ ರಂಧ್ರದ ಮೇಲೆ ಒಡೆದ ಹೆಂಚಿನ ಚೂರನ್ನು ಬೋರಲು ಹಾಕಿ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಮರಳು ಅಥವಾ ತೆಂಗಿನ ನಾರಿನ ಪುಡಿ ಬೆರೆಸಿ ತುಂಬಬೇಕು. ಒಂದು ಹಿಡಿ ಬೇವಿನ ಹಿಂಡಿಯನ್ನು ಸೇರಿಸಿದರೆ ಬೇರುಗಳಿಗೆ ಕ್ಷೇಮ. ಬೀಜವನ್ನು ತೆಳುವಾಗಿ ಮಣ್ಣಿನಿಂದ ಮುಚ್ಚಿ ನೀರು ಚಿಮುಕಿಸಿದರೆ ಒಂದೆರಡು ವಾರದಲ್ಲಿ ಮೊಳಕೆ ಕಾಣಿಸುತ್ತದೆ. ಸಸಿಗೆ ನಾಲ್ಕಾರು ಎಲೆ ಬಂದ ಮೇಲೆ ತುದಿಯನ್ನು ಚಿವುಟಿದರೆ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ.

ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಪೂರ್ವದ ಕಡೆಯ ಬಾಲ್ಕನಿಯಾದರೆ ಬಹಳ ಒಳ್ಳೆಯದು. ಇದರ ಕಾಂಡ ನೀರು ತುಂಬಿದ ಕೊಳವೆಯಂತೆ ರಸಭರಿತ. ಒಂದು ದಿನ ನೀರು ತಪ್ಪಿದರೂ ತಲೆಬಾಗುತ್ತದೆ. ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಸಾಯುತ್ತದೆ. ಮಣ್ಣಿನೊಳಗೆ ಒಂದು ಗೆಣ್ಣಿನಷ್ಟು ಬೆರಳಿಟ್ಟು ಒಣಗಿದ್ದರೆ ಮಾತ್ರ ನೀರೆರೆಯುವುದು ಉತ್ತಮ ಅಭ್ಯಾಸ. ಎಲೆಯ ಮೇಲೆ ಬಿಳಿಯ ಬೂದಿರೋಗ ಕಂಡರೆ ಆ ಎಲೆಗಳನ್ನು ಕಿತ್ತುಹಾಕಿ ಗಿಡಗಳ ನಡುವೆ ಗಾಳಿಯಾಡುವಂತೆ ಮಾಡಬೇಕು. ಗಿಡಹೇನು ಮುತ್ತಿದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆಯನ್ನೂ ಕೆಲವು ಹನಿ ಸಾಬೂನಿನ ದ್ರಾವಣವನ್ನೂ ಕಲಕಿ ಸಂಜೆ ಸಿಂಪಡಿಸಿದರೆ ಸಾಕು. ಬಾಲ್ಕನಿಯಲ್ಲಿ ಬಟ್ಟೆ ಒಣಗುವ, ಮಕ್ಕಳು ಆಡುವ ಮನೆಗಳಲ್ಲಿ ತೀಕ್ಷ್ಣವಾದ ಕೀಟನಾಶಕಗಳನ್ನು ಬಳಸದಿರುವುದೇ ಲೇಸು.

ಅಕ್ಕಿ, ಬೇಳೆ ತೊಳೆದ ನೀರನ್ನು ಈ ಗಿಡಗಳಿಗೆ ಹಾಕಿದರೆ ನಲ್ಲಿಯ ನೀರೂ ಉಳಿಯುತ್ತದೆ. 1908ರ ಮೂಸಿ ನದಿಯ ಮಹಾಪ್ರವಾಹದ ನಂತರ ಈ ನಗರಕ್ಕೆ ಕರೆಸಿಕೊಂಡ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ನೀಡಿದ ಸಲಹೆಯ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ನಿರ್ಮಾಣವಾದವು. ಅಂಥವರ ನಾಡಿನವರು ಇಲ್ಲಿ ನೀರನ್ನು ಪೋಲುಮಾಡುವುದು ಶೋಭಿಸುವ ಮಾತಲ್ಲ.

ಹೂವು ಮುಗಿದ ಮೇಲೆ ಕಾಯಿ ಬಲಿತು ತುಸು ಹಳದಿಯಾಗುವಾಗ, ಸಿಡಿಯುವ ಮೊದಲೇ, ತೆಳುವಾದ ಬಟ್ಟೆಯಿಂದ ಕಟ್ಟಿ ಬೀಜವನ್ನು ಕೂಡಿಡಬೇಕು. ಕಾಗದದ ಪೊಟ್ಟಣದಲ್ಲಿ ಹಾಕಿ ಇಸವಿಯನ್ನು ಬರೆದಿಟ್ಟರೆ ಮುಂದಿನ ಮೃಗಶಿರಾಗೆ ಬಂಡವಾಳ ಸಿದ್ಧ. ಅಂಗಡಿಯ ಸಂಕರ ತಳಿಯ ಬೀಜವಾದರೆ ಮರುವರ್ಷ ಬಣ್ಣ ಬದಲಾಗಬಹುದು. ನಾಟಿ ಬೀಜಕ್ಕೆ ಆ ಭಯ ಕಡಿಮೆ.

ಒಂದೇ ಹೆಸರು, ಎರಡು ಗಿಡ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಗೌರಿಹೂವೆಂಬ ಹೆಸರು ನಮ್ಮ ನಾಡಿನಲ್ಲಿ ಒಂದೇ ಗಿಡಕ್ಕೆ ಸೇರಿದ್ದಲ್ಲ. ಮಲೆನಾಡಿನ ಹಲವೆಡೆ ಗೌರಿಹಬ್ಬದ ಸಮಯಕ್ಕೆ ಬೇಲಿಗಳಲ್ಲಿ ಅರಳುವ ಅಗ್ನಿಶಿಖೆಯ ಬಳ್ಳಿಗೂ ಅದೇ ಹೆಸರಿದೆ. ಇದನ್ನೇ ಕೋಳಿಕುಟುಮವೆಂದೂ ಲಾಂಗೂಲಿಯೆಂದೂ ಕರೆಯುವುದುಂಟು. ತಮಿಳುನಾಡಿನ ರಾಜ್ಯಪುಷ್ಪವೂ ಇದೇ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಅಲೆಅಲೆಯಾದ ಅಂಚು, ಮೇಲಕ್ಕೆ ಬೆಂಕಿಯ ನಾಲಿಗೆಯಂತೆ ಎದ್ದ ದಳಗಳು; ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿದು ಏರುವ ಬಳ್ಳಿ; ನೆಲದೊಳಗೆ ನೇಗಿಲಿನ ಆಕಾರದ ಗೆಡ್ಡೆ. ನೋಡಲು ಅತ್ಯಂತ ಮನೋಹರವಾದ ಈ ಗಿಡದ ಪ್ರತಿಯೊಂದು ಭಾಗವೂ ವಿಷ. ಗೆಡ್ಡೆ ಮತ್ತು ಬೀಜಗಳಲ್ಲಿರುವ ಕಾಲ್ಚಿಸಿನ್ ಎಂಬ ದ್ರವ್ಯವನ್ನು ವೈದ್ಯರು ಅತ್ಯಲ್ಪ ಪ್ರಮಾಣದಲ್ಲಿ ಗೌಟ್ ಎಂಬ ಕೀಲುಬೇನೆಗೆ ಕೊಡುತ್ತಾರೆ. ಅದೇ ದ್ರವ್ಯ ಪ್ರಮಾಣ ಮೀರಿದರೆ ಪ್ರಾಣಾಂತಿಕ. ಗೆಣಸೆಂದು ಭ್ರಮಿಸಿ ಈ ಗೆಡ್ಡೆಯನ್ನು ತಿಂದು ಪ್ರಾಣ ಕಳೆದುಕೊಂಡ ಪ್ರಸಂಗಗಳು ಶ್ರೀಲಂಕಾದ ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ.

ಊರಿನಿಂದ ಯಾರಾದರೂ “ಗೌರಿಹೂವಿನ ಗೆಡ್ಡೆ” ತಂದುಕೊಟ್ಟರೆ ಅಲ್ಲಿಯೇ ಎಚ್ಚರಗೊಳ್ಳಬೇಕು. ಕರ್ಣಕುಂಡಲಕ್ಕೆ ಗೆಡ್ಡೆಯಿಲ್ಲ, ಅದು ಬೀಜದಿಂದ ಬರುವುದು, ನೆಟ್ಟಗೆ ನಿಲ್ಲುವುದು, ಬಳ್ಳಿಯಾಗಿ ಹಬ್ಬುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಮನೆಯ ಎಲ್ಲರೂ ತಿಳಿದಿರುವುದು ಒಳಿತು. ವಿಷವನ್ನು ತಿಂದವರಲ್ಲಿ ಕೆಲವು ಗಂಟೆಗಳಲ್ಲಿ ಗಂಟಲುರಿ, ವಾಂತಿ, ಭೇದಿ ಆರಂಭವಾಗುತ್ತವೆ. ಅದನ್ನು ಸಾಮಾನ್ಯ ಅಜೀರ್ಣವೆಂದು ಉಪೇಕ್ಷಿಸುವುದೇ ದೊಡ್ಡ ಅಪಾಯ. ಏಕೆಂದರೆ ಮೂತ್ರಪಿಂಡ, ಹೃದಯ, ರಕ್ತ ಇವುಗಳ ಮೇಲಿನ ಪರಿಣಾಮ ಅನಂತರ ಕಾಣಿಸಿಕೊಳ್ಳುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಮಜ್ಜಿಗೆ ಕೊಡುವುದು ಮೊದಲಾದ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ತಿಂದ ಗಿಡದ ಒಂದು ತುಂಡನ್ನು ಜೊತೆಗಿಟ್ಟುಕೊಂಡು ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. 2005ರಲ್ಲಿ ಇದೇ ಹೈದರಾಬಾದಿನಲ್ಲಿ ಆರಂಭವಾದ 108 ತುರ್ತು ವಾಹನದ ಸೇವೆ ಇಂಥ ಸಮಯಕ್ಕಾಗಿಯೇ ಇದೆ.

ಕಣಗಿಲೆ ಮತ್ತು ಹಳದಿ ಕಣಗಿಲೆಗಳೂ ಹೃದಯದ ಬಡಿತವನ್ನು ಕೆಡಿಸುವ ವಿಷಗಳನ್ನುಳ್ಳ ಗಿಡಗಳು. ದೇವರ ಪೂಜೆಗೆ ಬೇಕಾದವುಗಳೆಂದು ಅವನ್ನು ಬೆಳೆಸುವವರು ಚಿಕ್ಕ ಮಕ್ಕಳ ಕೈಗೆ ಕಾಯಿ-ಎಲೆ ಸಿಗದಂತೆ ನೋಡಿಕೊಳ್ಳಬೇಕು. ಕೊಲಂಬೈನ್ ಸಹ ಈ ವಿಷಯದಲ್ಲಿ ಪೂರ್ಣ ಸಾಧುವಲ್ಲ; ಅದರ ಬೀಜ ಮತ್ತು ಬೇರುಗಳು ತಿನ್ನಲು ಯೋಗ್ಯವಲ್ಲ. ಅದರ ಕುಟುಂಬವೇ ವಿಚಿತ್ರವಾದುದು. ಹೈದರಾಬಾದಿನ ಅಂಗಡಿಗಳಲ್ಲಿ ಕಲೋಂಜಿಯೆಂದು ಮಾರುವ ಕರಿಜೀರಿಗೆ ಆ ಕುಟುಂಬದ ಒಂದು ಕವಲಾದರೆ, ಘೋರ ವಿಷವಾದ ವತ್ಸನಾಭಿ ಇನ್ನೊಂದು ಕವಲು. ಕರ್ಣಕುಂಡಲ ಇಷ್ಟು ಅಪಾಯಕಾರಿಯಲ್ಲವಾದರೂ ಅದೂ ಅಡುಗೆಯ ಸೊಪ್ಪಲ್ಲ. ಹೂವು ಕಣ್ಣಿಗೆ ಮತ್ತು ಪೂಜೆಗೆ. ಹೊಟ್ಟೆಗಲ್ಲ ಎಂಬ ನಿಯಮವನ್ನು ಮಕ್ಕಳಿಗೆ ಮೊದಲೇ ಕಲಿಸಬೇಕು.

ಕುಂಡದ ತಟ್ಟೆ

ಹೂದೋಟದ ಇನ್ನೊಂದು ಅಪಾಯ ಗಿಡದಲ್ಲಿಲ್ಲ, ಕುಂಡದ ಕೆಳಗಿನ ತಟ್ಟೆಯಲ್ಲಿದೆ. ಸರ್ ರೊನಾಲ್ಡ್ ರಾಸ್ ಅವರು 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ರೋಗಾಣುವನ್ನು ಕಂಡುಹಿಡಿದುದು ನಮ್ಮ ನೆರೆಯ ಸಿಕಂದರಾಬಾದಿನಲ್ಲಿಯೇ. ಅಂಥ ಊರಿನಲ್ಲಿ ವಾಸಿಸುವವರಿಗೆ ಸೊಳ್ಳೆಯ ವಿಷಯದಲ್ಲಿ ಅಜ್ಞಾನ ಸಲ್ಲದು. ಇಂದು ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಚರಂಡಿಯ ಕೊಳಕು ನೀರಿಗಿಂತ ಮನೆಯೊಳಗಿನ ತಿಳಿನೀರನ್ನೇ ಬಯಸುತ್ತದೆ, ಹಗಲಿನಲ್ಲಿಯೇ ಕಚ್ಚುತ್ತದೆ. ಮೊಟ್ಟೆಯಿಂದ ರೆಕ್ಕೆ ಬಂದ ಸೊಳ್ಳೆಯಾಗಲು ಅದಕ್ಕೆ ಒಂದು ವಾರ-ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ತಪ್ಪದೆ ತಟ್ಟೆಗಳನ್ನು ಬರಿದು ಮಾಡಿ, ಒಳಬದಿಯನ್ನು ಕುಂಚದಿಂದ ಉಜ್ಜಿ ತೊಳೆಯಬೇಕು. ಬರಿಯ ನೀರು ಚೆಲ್ಲಿದರೆ ಸಾಲದು. ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಇಲ್ಲವೇ ತಟ್ಟೆಯಲ್ಲಿ ಮರಳು ತುಂಬಿಬಿಡುವುದು ಸರಳ ಉಪಾಯ.

ತೋಟಗಾರರ ದೇಹ

ಕುಂಡಗಳ ಆರೈಕೆ ಹಿರಿಯರಿಗೆ ಒಳ್ಳೆಯ ವ್ಯಾಯಾಮ. ದಿನಕ್ಕೆ ಅರ್ಧ ಗಂಟೆ ಬೆಳಗಿನ ಎಳೆಬಿಸಿಲಿನಲ್ಲಿ ನಡೆದಾಡಿ, ಬಗ್ಗಿ, ಎದ್ದು, ನೀರೆರೆಯುವುದರಿಂದ ಕೀಲುಗಳು ಸಡಿಲವಾಗುತ್ತವೆ. ಮನಸ್ಸಿಗೆ ನಾಳೆಯ ಬಗ್ಗೆ ಕುತೂಹಲ ಉಳಿಯುತ್ತದೆ. ಆದರೂ ಕೆಲವು ಕಟ್ಟಳೆಗಳನ್ನು ಪಾಲಿಸುವುದು ಲೇಸು. ಮಧುಮೇಹವುಳ್ಳವರು ಬರಿಗಾಲಿನಲ್ಲಿ ತಾರಸಿಗೆ ಹೋಗಬಾರದು. ಸ್ಪರ್ಶ ಕುಗ್ಗಿದ ಪಾದಕ್ಕೆ ಚುಚ್ಚಿದ ಮುಳ್ಳು ತಿಳಿಯದೆ ಹುಣ್ಣಾಗುತ್ತದೆ. ಮಣ್ಣಿನಲ್ಲಿ ಧನುರ್ವಾಯುವಿನ ಬೀಜಾಣುಗಳಿರುವುದರಿಂದ ಹತ್ತು ವರ್ಷಕ್ಕೊಮ್ಮೆ ಅದರ ಚುಚ್ಚುಮದ್ದನ್ನು ವೈದ್ಯರ ಸಲಹೆಯಂತೆ ಹಾಕಿಸಿಕೊಂಡಿರಬೇಕು. ಸೊಂಟನೋವಿರುವವರು ಕುಂಡಗಳನ್ನು ನೆಲದ ಮೇಲಿಡದೆ ಸೊಂಟದೆತ್ತರದ ಕಟ್ಟೆಯ ಮೇಲೆ ಇಡಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಹತ್ತು ಗಂಟೆಯ ನಂತರ, ಸಂಜೆ ಐದರ ಒಳಗೆ ತಾರಸಿಯ ಕೆಲಸ ಬೇಡ. ನೀರುಂಡ ಮಣ್ಣಿನ ದೊಡ್ಡ ಕುಂಡ ನಲವತ್ತು ಐವತ್ತು ಕಿಲೋ ತೂಗುತ್ತದೆ. ಅದನ್ನು ಒಬ್ಬರೇ ಎತ್ತುವ ಸಾಹಸವೂ ಬೇಡ, ಹಳೆಯ ಕಟ್ಟಡದ ಬಾಲ್ಕನಿಯ ಅಂಚಿಗೆ ಸಾಲಾಗಿ ಇಡುವುದೂ ಬೇಡ.

ಮಣ್ಣಿನ ಒಪ್ಪಂದ

ನಾರಾಯಣಗೂಡದ ಪಕ್ಕದಲ್ಲಿಯೇ ಬಾಗ್ ಲಿಂಗಂಪಲ್ಲಿ ಇದೆ. ಅಷ್ಟು ದೂರದಲ್ಲಿ ಬಶೀರ್‌ಬಾಗ್ ಇದೆ. ಹೆಸರಿನಲ್ಲಿ ಮಾತ್ರ ಉಳಿದಿರುವ ಈ ಬಾಗುಗಳು, ಅಂದರೆ ತೋಟಗಳು, ಒಂದು ಕಾಲದಲ್ಲಿ ಈ ನಗರದ ಸ್ವಭಾವವಾಗಿದ್ದವು. ಅಂಗಳವಿದ್ದ ಮನೆಗಳು ಒಂದೊಂದಾಗಿ ಬಹುಮಹಡಿಗಳಾಗಿವೆ. 2020ರಿಂದ ನಾರಾಯಣಗೂಡದ ಮೇಲೆ ಮೆಟ್ರೋ ರೈಲು ಓಡುತ್ತಿದೆ. ಬತ್ತುಕಮ್ಮ ಹಬ್ಬದಲ್ಲಿ ನೆರೆಮನೆಯ ತೆಲುಗು ಹೆಣ್ಣುಮಕ್ಕಳು ತಂಗೇಡು ಹೂವನ್ನು, ಅಂದರೆ ನಮ್ಮ ಆವರಿಕೆಯನ್ನು, ಹುಡುಕಿಕೊಂಡು ಮಾರುಕಟ್ಟೆಗೆ ಹೋಗಬೇಕಾಗಿದೆ. ಇಂಥಲ್ಲಿ ಪ್ರತಿಯೊಂದು ಬಾಲ್ಕನಿಯ ನಾಲ್ಕು ಕುಂಡಗಳಿಗೂ ಮಹತ್ವವಿದೆ.

ಊರನ್ನು ಬಿಟ್ಟು ಬಂದು ಬೇರೆ ನೆಲದಲ್ಲಿ ಬೇರುಬಿಟ್ಟವರಿಗೆ ಒಂದು ಸತ್ಯ ಅನುಭವದಿಂದಲೇ ತಿಳಿದಿದೆ. ಯಾವ ಜೀವವೂ ತನಗೆ ಒಗ್ಗುವ ಹವೆಯನ್ನು ಕಂಡಲ್ಲಿ ತಳಿರಿಡುತ್ತದೆ. ಒಗ್ಗದ ಕಡೆ ಬಾಡಿದರೆ ಅದು ನೆಟ್ಟವರ ಅಪರಾಧವೂ ಅಲ್ಲ, ಗಿಡದ ಅಪರಾಧವೂ ಅಲ್ಲ. ಕೊಲಂಬೈನ್ ತನ್ನ ಪರ್ವತಗಳಲ್ಲಿ ಸುಖವಾಗಿರಲಿ. ಮಗ-ಸೊಸೆಯರ ಹಿತ್ತಿಲಿನಲ್ಲಿ ಅದು ಅರಳಿದಾಗ ದೂರವಾಣಿಯ ಪರದೆಯ ಮೇಲೆ ಅದನ್ನು ನೋಡಿ ಇಲ್ಲಿಯವರು ಸಂತೋಷಪಡಲಿ. ಮಳೆಗಾಲದಲ್ಲಿ ಇಲ್ಲಿಯ ಕರ್ಣಕುಂಡಲವನ್ನು ಅವರಿಗೆ ತೋರಿಸಿ, ಅದರ ಹಿಂದಿನ ಕೊಂಬನ್ನು ಮೊಮ್ಮಕ್ಕಳಿಂದ ಎಣಿಸಲಿ. ಅಲ್ಲಿ ಐದು, ಇಲ್ಲಿ ಒಂದು.

ಈ ಬಾರಿ ಬೀಜ ಮೊಳೆತಾಗ ಅಜ್ಜಿಯರು ತಮ್ಮ ಕೈಗಳನ್ನು ಒಮ್ಮೆ ನೋಡಿಕೊಳ್ಳಲಿ. ಆ ಕೈಗುಣ ಎಂದೂ ಕೆಟ್ಟಿರಲಿಲ್ಲ.